ಮೇಡಂ ಪೆನ್ಸಿಲಿನಲ್ಲಿ ಬರೆದ ಎರಡು ಪದ

ನಾನು ಮಧುಗಿರಿ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ನರ್ಸಿಂಗ್, ಅದರ ಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ. ಓದು ಮುಗಿಸಿ ಕ್ಷಯರೋಗದ ಬಗೆಗಿನ ಅಂತರರಾಷ್ಟ್ರೀಯ ಸಂಶೋಧನಾ ಯೋಜನೆಯೊಂದಕ್ಕೆ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ಯೋಜನೆ ಮೂರು ದೇಶಗಳಲ್ಲಿ ನಡೆಯುತ್ತಿತ್ತು. ನನ್ನ ಪಾಲಿಗೆ ಬಂದದ್ದು ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರ ಮನೆ ಹುಡುಕಿ ಹೋಗುವುದು, ಏಕೆ ಬಿಟ್ಟಿರಿ ಎಂದು ಕೇಳಿ ಬರೆದುಕೊಂಡು ಬರುವುದು, ಇದು ಕೆಲಸ.

ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಯೋಜನೆಯವರು ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿದ್ದರು. ನನಗೆ ಸಿಕ್ಕವರು ವಿದೇಶದಲ್ಲಿದ್ದ ಪ್ರಾಧ್ಯಾಪಕರು, ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಪರದೆಯ ಮೇಲೆ ಮಾತಿಗೆ ಸಿಗುತ್ತಿದ್ದರು. ಒಳ್ಳೆಯ ಮನುಷ್ಯ. ಅಂಕಿಅಂಶಗಳ ಲೆಕ್ಕಾಚಾರದಲ್ಲಿ ನಾನು ಇಂದು ಧೈರ್ಯವಾಗಿ ಕೈಹಾಕುವುದಕ್ಕೆ ಅವರೇ ಕಾರಣ. ಆದರೆ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬರು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡ ಸಂಗತಿಯನ್ನು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ನಡೆದದ್ದು ಬೇರೇನೋ ಆಗಿಬಿಡುತ್ತಿತ್ತು.

ನಡೆದದ್ದು ಇಷ್ಟು. ಯೋಜನೆಯ ಹೆಸರು ದೊಡ್ಡದಾಗಿ ಬರೆದಿದ್ದ ಬಿಳಿ ಜೀಪು ಆ ಮನೆಯ ಮುಂದೆಯೇ ನಿಂತಿತು. ನೀರಿನ ತೊಟ್ಟಿಯ ಬಳಿ ಐದಾರು ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ನಾನು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಆ ವ್ಯಕ್ತಿಯ ಹೆಸರು ಹಿಡಿದು ವಿಚಾರಿಸಿದೆ. ಒಳಗಿನಿಂದ ಬಂದವರು ನನ್ನನ್ನು ಒಮ್ಮೆ, ಜೀಪನ್ನು ಒಮ್ಮೆ, ತೊಟ್ಟಿಯ ಕಡೆ ಒಮ್ಮೆ ನೋಡಿದರು. "ಅಂಥವರು ಇಲ್ಲಿ ಯಾರೂ ಇಲ್ಲ" ಎಂದು ಬಾಗಿಲು ಹಾಕಿದರು. ಮರುದಿನ ಆಶಾ ಕಾರ್ಯಕರ್ತೆ ಫೋನ್ ಮಾಡಿ, ಅವರು ಊರು ಬಿಟ್ಟು ಹೆಂಡತಿಯ ತವರಿಗೆ ಹೋದರೆಂದು ತಿಳಿಸಿದಳು.

ಆಗ ನನಗೆ ನೆನಪಾದವರು ಮೇಡಂ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕ್ಷಯರೋಗ ವಿಭಾಗದಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ಸರ್ಕಾರಿ ವೈದ್ಯೆ. ನಮ್ಮ ತರಬೇತಿಯಲ್ಲಿ ಒಂದು ದಿನ ಪಾಠ ಮಾಡಿದ್ದರು, ಅಷ್ಟೇ ಪರಿಚಯ. ರಾತ್ರಿ ಎಂಟಕ್ಕೆ ತುಮಕೂರಿನ ಬಸ್ ನಿಲ್ದಾಣದಿಂದ ಅವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಶನಿವಾರ ಬೆಳಿಗ್ಗೆ ಮನೆಗೆ ಬಾಮ್ಮ, ತಿಂಡಿ ಇಲ್ಲೇ ತಿನ್ನುವಿಯಂತೆ" ಎಂದರು.

ಕ್ಯಾತ್ಸಂದ್ರದಿಂದ ತರಿಸಿದ್ದ ತಟ್ಟೆ ಇಡ್ಲಿ ಮುಂದಿಟ್ಟು ಅವರು ಕೇಳಿದ್ದೆಲ್ಲ ಪ್ರಶ್ನೆಗಳೇ. ಜೀಪು ಎಲ್ಲಿ ನಿಲ್ಲಿಸಿದೆ? ತೊಟ್ಟಿಯ ಬಳಿ ಯಾರಿದ್ದರು? ನೀನು ಆಡಿದ ಮೊದಲ ಮಾತು ಯಾವುದು? ಆ ಮನೆಯಲ್ಲಿ ಮದುವೆಗೆ ಬೆಳೆದು ನಿಂತ ಮಗಳಿದ್ದಾಳೆಯೇ? ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನ್ ಮಾಡಿಸಿದರು. ಮಗಳಿದ್ದಳು. ಹಿಂದಿನ ವಾರವಷ್ಟೇ ಗಂಡಿನ ಕಡೆಯವರು ನೋಡಿಕೊಂಡು ಹೋಗಿದ್ದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅವರು ಊರಿಗೆ ವಾಪಸು ಬಂದ ಮೇಲೆ ತಿಳಿಸು. ನಾನೂ ಬರುತ್ತೇನೆ. ಜೀಪು ಬೇಡ, ಬಸ್ಸಿನಲ್ಲಿ ಹೋಗೋಣ" ಎಂದರು.

ಮೂರು ವಾರದ ನಂತರ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಕಡೆ ಹೊರಟೆವು. ಹಳ್ಳಿಗೆ ಒಂದು ನಿಲ್ದಾಣ ಮೊದಲೇ ಇಳಿದೆವು. ಮನೆಗೆ ಹೋಗಲಿಲ್ಲ, ಆಶಾ ಕಾರ್ಯಕರ್ತೆಯ ಮೂಲಕ ಹೇಳಿಕಳುಹಿಸಿ ಹೊಲದ ಬದುವಿನ ಹೊಂಗೆಮರದ ಕೆಳಗೆ ಕಾದೆವು. ಅವರು ಬಂದರು. ಆ ಭಾಗದಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ಮೇಡಂ ತೆಲುಗಿನಲ್ಲಿ ಕಡಲೆಕಾಯಿ ಬೆಳೆಯ ವಿಚಾರ ಎತ್ತಿದರು. ಬಿತ್ತನೆ ಬೀಜದ ಬೆಲೆ, ಬಾರದ ಮಳೆ, ಬತ್ತಿದ ಕೊಳವೆಬಾವಿ. ಇಪ್ಪತ್ತು ನಿಮಿಷ ರೋಗದ ಮಾತೇ ಇಲ್ಲ. ನಾನು ಎರಡು ಸಲ ಪ್ರಶ್ನಾವಳಿಯ ಹಾಳೆ ತೆಗೆಯಲು ಹೋದಾಗ ಅವರ ಕೈ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿ ಹಿಡಿಯಿತು. ಕೊನೆಗೆ ಆ ಮನುಷ್ಯನೇ ಶುರುಮಾಡಿದರು. ಬೆಳೆ ಹೋದ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಮಾತ್ರೆ ಮುಗಿದಾಗ ಅಲ್ಲಿನ ಒಂದು ಆರೋಗ್ಯ ಕೇಂದ್ರಕ್ಕೆ ಹೋದರೆ, ಊರಿನಿಂದ ಚೀಟಿ ತನ್ನಿ ಎಂದರಂತೆ. ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ವಾಪಸಾಗಿದ್ದರು. ಚೀಟಿಗಾಗಿ ಊರಿಗೆ ಬಂದು ಹೋದರೆ ಎರಡು ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿ ಕೆಲಸಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತಾನೆ.

ಆ ರಾತ್ರಿ ನಾನು ವರದಿ ಬರೆದೆ. ಮೊದಲು ಕನ್ನಡದಲ್ಲೇ ಬರೆಯಬೇಕು ಎನ್ನುವುದು ಮೇಡಂ ಹಾಕಿದ ನಿಯಮ. ಮರುದಿನ ಅದು ನನ್ನ ಕೈಗೆ ವಾಪಸು ಬಂದಾಗ ಒಂದೇ ಕಡೆ ಪೆನ್ಸಿಲಿನ ಗುರುತಿತ್ತು. "ರೋಗಿಯು ಚಿಕಿತ್ಸೆಯನ್ನು ತಪ್ಪಿಸಿದ್ದಾರೆ" ಎಂದು ನಾನು ಬರೆದಿದ್ದ ಸಾಲಿನ ಅಂಚಿನಲ್ಲಿ ಎರಡೇ ಪದ: "ಯಾರು ತಪ್ಪಿಸಿದರು?"

ಹೊಂಗೆಮರದ ಕೆಳಗೆ ಎಲ್ಲವನ್ನೂ ಕಿವಿಯಾರೆ ಕೇಳಿ ಬಂದಿದ್ದೆ. ಆದರೂ ಬರೆಯಲು ಕುಳಿತಾಗ ತಪ್ಪು ಆ ಮನುಷ್ಯನ ತಲೆಗೇ ಬಂದಿತ್ತು. ನಮ್ಮ ಕ್ಷೇತ್ರದ ಭಾಷೆಯೇ ಬಹುಕಾಲ ಹಾಗಿತ್ತು. ಚಿಕಿತ್ಸೆ ಬಿಟ್ಟವರನ್ನು ಜಗತ್ತಿನಾದ್ಯಂತ 'ಡಿಫಾಲ್ಟರ್' ಎನ್ನುತ್ತಿದ್ದರು, ಸಾಲ ತೀರಿಸದವರಿಗೆ ಅನ್ನುವ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ವ್ಯಾಖ್ಯೆಗಳಿಂದ ಆ ಪದವನ್ನು ಕೈಬಿಟ್ಟದ್ದು 2013ರಲ್ಲಿ. ಪದವನ್ನು ದೂರದಲ್ಲಿ ಬದಲಾಯಿಸಿದರು. ನನ್ನ ಕೈಯಲ್ಲಿ ಅದು ಬದಲಾಗಲು ಪೆನ್ಸಿಲ್ ಹಿಡಿದ ಒಬ್ಬರು ಪಕ್ಕದಲ್ಲಿ ಕುಳಿತುಕೊಳ್ಳಬೇಕಾಯಿತು.

ಅದೇ ದಿನ ಮೇಡಂ ಬೀರುವಿನಿಂದ ಒಂದು ಹಳೆಯ ಲೇಖನದ ನೆರಳಚ್ಚು ತೆಗೆದುಕೊಟ್ಟರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತಷ್ಟೆ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಕ್ಷಯರೋಗಿಗಳಲ್ಲಿ ರೋಗಲಕ್ಷಣಗಳ ಅರಿವು ಎಷ್ಟಿದೆ ಎಂದು ಅಧ್ಯಯನ ಮಾಡಿ, 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರಾಗಿಯೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಇವರು ಮನೆಮನೆಗೆ ಹೋಗಿ ಕೇಳಿದಾಗ ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಲಕ್ಷಣಗಳು ಗೊತ್ತಿದ್ದವು, ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಎಲ್ಲಾದರೂ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಲ್ಲಿ ಎಷ್ಟೋ ಜನ ಕೆಮ್ಮಿನ ಔಷಧಿಯ ಶೀಶೆ ಹಿಡಿದುಕೊಂಡು ವಾಪಸು ಬಂದಿದ್ದರು. ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ನಡೆಯಬೇಕು, ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದು ಎಂಬ ವಾದಕ್ಕೆ ಬಲ ಬಂದದ್ದು ಇಂಥ ಅಧ್ಯಯನಗಳಿಂದ.

ಎರಡು ವರ್ಷ ಸಾರ್ವಜನಿಕ ಆರೋಗ್ಯ ಓದಿದ ನನಗೆ, ನನ್ನದೇ ಜಿಲ್ಲೆಯ ಜನ ಆಡಿದ ಮಾತು ಇಡೀ ದೇಶದ ಕಾರ್ಯಕ್ರಮದ ಚಿಂತನೆಯಲ್ಲಿ ಸೇರಿದೆ ಎಂದು ಯಾರೂ ಹೇಳಿರಲಿಲ್ಲ. ಜಾಗತಿಕ ಆರೋಗ್ಯ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾದಿಂದ ನಮ್ಮ ಕಡೆಗೆ ಇಳಿದು ಬರುವ ವಸ್ತು ಎಂದುಕೊಂಡಿದ್ದೆ. ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರು ವರ್ಷ ಯೋಜನೆಯ ಸಮಾವೇಶದಲ್ಲಿ ಹತ್ತು ನಿಮಿಷ ಮಾತನಾಡುವ ಅವಕಾಶ ಬಂತು. ಮೇಡಂ ಮೊದಲು ನನ್ನನ್ನು ಮಧುಗಿರಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಅದನ್ನೇ ಕನ್ನಡದಲ್ಲಿ ಹೇಳಿಸಿದರು. ಅವರಲ್ಲೊಬ್ಬರು ಎದ್ದು, "ಅಕ್ಕಾ, ಹೆಂಗಸರು ಬಿಟ್ಟ ಕಾರಣ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ಮಾತ್ರೆ ಬಿಟ್ಟ ಕಾರಣಗಳ ನನ್ನ ಕೋಷ್ಟಕ ಪೂರ್ತಿ ಬದಲಾಯಿತು. ಸಮಾವೇಶದಲ್ಲಿ ನನ್ನ ಇಂಗ್ಲಿಷ್ ಎರಡು ಕಡೆ ತಡವರಿಸಿತು. ಆದರೆ ವಿಷಯದ ಮೇಲೆ ಕೇಳಿದ ಒಂದು ಪ್ರಶ್ನೆಗೂ ಉತ್ತರ ತಪ್ಪಲಿಲ್ಲ.

ಈಗ ನಾನೇ ಮೂವರು ಎಳೆಯರ ಜೊತೆ ಕೆಲಸ ಮಾಡುತ್ತೇನೆ. ಅವರ ಮೇಲಧಿಕಾರಿ ನಾನಲ್ಲ, ಅದನ್ನು ಬೇಕೆಂದೇ ಹಾಗೆ ಇಟ್ಟುಕೊಂಡಿದ್ದೇನೆ. ಸಂಬಳ, ಬಡ್ತಿ ಯಾರ ಕೈಯಲ್ಲಿದೆಯೋ ಅವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ನಾನು ಜೀಪಿನ ಕಥೆಯನ್ನು ನನ್ನ ಮೇಲಧಿಕಾರಿಗೆ ಹೇಳಿದ್ದು ಎಲ್ಲ ಸರಿಹೋದ ಮೇಲೆ. ಮೊದಲ ಮೂರು ಮನೆಭೇಟಿಗೆ ನಾನು ಅವರ ಜೊತೆಗೆ ಹೋಗುತ್ತೇನೆ, ಮಾತನಾಡುವುದಿಲ್ಲ. ಶನಿವಾರದ ಎರಡು ಗಂಟೆ ಅವರದು, ಆ ಹೊತ್ತಿನಲ್ಲಿ ಬೇರೆ ಸಭೆ ಒಪ್ಪಿಕೊಳ್ಳುವುದಿಲ್ಲ. ಲೇಖನದಲ್ಲಿ ಯಾರು ದುಡಿದರೋ ಅವರ ಹೆಸರೇ ಮೊದಲು. ಈ ಕೊನೆಯದರಲ್ಲಿ ನನಗೆ ರಾಜಿ ಇಲ್ಲ. ಬಿಸಿಲಿನಲ್ಲಿ ಅಲೆದು ಮಾಹಿತಿ ತಂದ ಹುಡುಗನ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ ಮುಗಿದುಹೋಗುವುದನ್ನು ನಮ್ಮ ಕ್ಷೇತ್ರದಲ್ಲಿ ಬಹಳ ನೋಡಿದ್ದೇನೆ.

ಒಬ್ಬ ಹುಡುಗಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅವಳು ತಂದ ಪ್ರತಿ ಸಮಸ್ಯೆಗೂ ಅಲ್ಲೇ ಪರಿಹಾರ ಹೇಳಿಬಿಡುತ್ತಿದ್ದೆ. ಆರು ತಿಂಗಳಿಗೆ ಅವಳು ಸಮಸ್ಯೆ ತರುವುದನ್ನೇ ನಿಲ್ಲಿಸಿದಳು, ಎಂಟನೆಯ ತಿಂಗಳಿಗೆ ಕೆಲಸ ಬಿಟ್ಟಳು. ಮೇಡಂ ನನ್ನನ್ನು ಹಾಗೆ ನಡೆಸಿಕೊಂಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅವಳು ಹೋದ ಮೇಲೆ. ಅವಳಿಗೆ ಫೋನ್ ಮಾಡಿ ಇಷ್ಟನ್ನು ಹೇಳಿದೆ.

ಸದ್ಯ ಶಿರಾ ಕಡೆಯ ಒಬ್ಬ ಹುಡುಗ ಜೊತೆಗಿದ್ದಾನೆ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಹಣ ಖಾತೆಗೆ ಬಿದ್ದ ಮೇಲೆ ಮನೆಯಲ್ಲಿ ಯಾರ ತಟ್ಟೆಗೆ ಏನು ಬೀಳುತ್ತದೆ ಎಂದು ನೋಡಬೇಕು ಎನ್ನುತ್ತಾನೆ. ಅದನ್ನು ಅಳೆಯುವುದು ಕಷ್ಟ, ಬೇರೆ ಪ್ರಶ್ನೆ ಹಿಡಿ ಎಂದೆ. ಒಪ್ಪಲಿಲ್ಲ. "ಮೇಡಂ, ಒಂದು ಮನೆಯ ಅಡುಗೆಮನೆಯಲ್ಲಿ ಕುಳಿತು ನೋಡಿದ ಮೇಲೆ ಹೇಳಿ" ಎಂದ. ಮುಂದಿನ ಬುಧವಾರ ಶಿರಾಕ್ಕೆ ಹೋಗುತ್ತಿದ್ದೇವೆ, ಬೆಳಿಗ್ಗೆ ಆರೂವರೆಯ ಬಸ್ಸಿಗೆ.