ಹಳೇ ಬಾಬ್‌ಕ್ಯಾಟ್‌ಗೆ ಹೈಡ್ರಾಲಿಕ್ ಆಯಿಲ್ ಹಾಕುವುದು ಹೇಗೆ?

ರಸ್ತೆ ಕೆಲಸ ನಡೆಯುವಲ್ಲಿ, ಗ್ರಾನೈಟ್ ಫ್ಯಾಕ್ಟರಿಯಲ್ಲಿ, ದೊಡ್ಡ ಡೇರಿಗಳಲ್ಲಿ ನಿಂತ ಜಾಗದಲ್ಲೇ ಗಿರ್ರನೆ ತಿರುಗುವ ಪುಟ್ಟ ಲೋಡರ್ ನೋಡಿರುತ್ತೀರಿ. ಸ್ಕಿಡ್ ಸ್ಟಿಯರ್ ಲೋಡರ್ ಅಂತ ಅದರ ಹೆಸರು. ಯಾವ ಕಂಪನಿಯದ್ದಾದರೂ ನಮ್ಮ ಜನಕ್ಕೆ ಅದು ಬಾಬ್‌ಕ್ಯಾಟೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು ವರ್ಷ ಕಳೆಯುವುದರೊಳಗೆ ಪಂಪ್ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಆಯಿಲ್ ಸರಿಯಿಲ್ಲ ಅಂತ ಬೈಯುತ್ತಾರೆ. ನಾನು ಕಂಡಂತೆ, ಆಯಿಲ್‌ಗಿಂತ ಅದನ್ನು ಹಾಕಿದ ರೀತಿಯೇ ಪಂಪನ್ನು ಹೆಚ್ಚು ಕೊಲ್ಲುತ್ತದೆ.

ಈ ಯಂತ್ರದಲ್ಲಿ ಚಕ್ರ ಓಡಿಸುವುದು, ಆರ್ಮ್ ಎತ್ತುವುದು, ಬಕೆಟ್ ಮಗುಚುವುದು ಎಲ್ಲವೂ ಪಂಪ್ ಒತ್ತಿ ಕಳಿಸುವ ಒಂದೇ ಟ್ಯಾಂಕಿನ ಆಯಿಲ್. 1957ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕೆಲ್ಲರ್ ಸೋದರರು ಇದರ ಮೊದಲ ರೂಪ ಮಾಡಿದ್ದೇ ಟರ್ಕಿ ಕೋಳಿ ಶೆಡ್ ಸ್ವಚ್ಛ ಮಾಡುವುದಕ್ಕೆ. ಧೂಳು, ಗೊಬ್ಬರದ ನಡುವೆ ದುಡಿಯುವ ಯಂತ್ರ ಇದು. ಹೊರಗೆ ಎಷ್ಟು ಕೊಳೆ ಇದ್ದರೂ ತಡೆದುಕೊಳ್ಳುತ್ತದೆ, ಒಳಗೆ ಒಂದು ಚಿಟಿಕೆ ಹೋದರೂ ತಡೆಯುವುದಿಲ್ಲ.

ಮೊದಲು ಯಾವ ಆಯಿಲ್ ಅಂತ ತಿಳಿದುಕೊಳ್ಳಿ. ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು. ಕೆಲವು ಹಳೇ ಮಾಡೆಲ್‌ಗಳ ಹೈಡ್ರಾಲಿಕ್ ಟ್ಯಾಂಕಿಗೆ 10ಡಬ್ಲ್ಯು-30 ಎಂಜಿನ್ ಆಯಿಲ್ ಹಾಕಿ ಅಂತಲೇ ಬರೆದಿರುತ್ತದೆ, ಗಾಬರಿ ಬೇಡ. ಸವೆತ ತಡೆಯುವ ಆ್ಯಂಟಿ ವೇರ್ ಹೈಡ್ರಾಲಿಕ್ ಆಯಿಲ್ ಕೇಳಿದ್ದು, ಆಯಿಲ್ ಎಷ್ಟು ಮಂದ ಅಂತ ಹೇಳುವ ನಂಬರ್ 46 ಮತ್ತು 68 ಎರಡಕ್ಕೂ ಒಪ್ಪಿಗೆ ಇದ್ದರೆ, ರಾಯಚೂರು ಕಲಬುರಗಿ ಬಿಸಿಲಿಗೆ 68 ಹಾಕಿ, ಮಡಿಕೇರಿ ಚಳಿಗೆ 46. ಸೀಲ್ ಒಡೆಯದ ಆಯಿಲ್ ಬಕೆಟ್ ಕೊಳ್ಳಿ. ಸರ್ವೊ ಸಿಸ್ಟಮ್, ಎಚ್‌ಪಿ ಎನ್‌ಕ್ಲೋ ಥರದ ಬ್ರ್ಯಾಂಡ್‌ಗಳು ಎಲ್ಲ ಕಡೆ ಸಿಗುತ್ತವೆ. ಲೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಲೂಸ್ ಆಯಿಲ್ ಎಷ್ಟೇ ಅಗ್ಗವಾದರೂ ಬೇಡ. ಕಡಿಮೆ ಬಿತ್ತು ಅಂತ ಬ್ರೇಕ್ ಆಯಿಲ್ ಸುರಿಯುವವರಿದ್ದಾರೆ. ಅದು ಬೇರೆಯೇ ಜಾತಿಯದು, ರಬ್ಬರ್ ಸೀಲ್‌ಗಳನ್ನು ಊದಿಸಿ ಹಾಳು ಮಾಡುತ್ತದೆ. ಲೀಕ್ ನಿಲ್ಲಿಸುವ ಸೀಸೆಗಳಿಗೂ ದುಡ್ಡು ಹಾಕಬೇಡಿ, ಸೀಲ್ ಕಿಟ್ ಬದಲಿಸಿ.

ಲೆವೆಲ್ ನೋಡುವಾಗ ಸಮತಟ್ಟಾದ ನೆಲ ಬೇಕು. ಆರ್ಮ್ ಪೂರ್ತಿ ಕೆಳಗೆ, ಬಕೆಟ್ ನೆಲಕ್ಕೆ, ಎಂಜಿನ್ ಬಂದ್. ಆರ್ಮ್ ಮೇಲಿದ್ದಾಗ ಟ್ಯಾಂಕಿನ ಆಯಿಲ್ ಒಂದಷ್ಟು ಸಿಲಿಂಡರ್‌ನಲ್ಲಿ ಇರುತ್ತದೆ. ಆಗ ನೋಡಿ ತುಂಬಿಸಿದರೆ, ಆರ್ಮ್ ಇಳಿಸಿದ ಕೂಡಲೇ ಮುಚ್ಚಳದಿಂದ ಉಕ್ಕಿ ಬರುತ್ತದೆ. ಆರ್ಮ್ ಎತ್ತಿಟ್ಟೇ ಕೆಲಸ ಮಾಡಬೇಕಾದ ಜಾಗಗಳಿವೆ. ಅಲ್ಲಿ ಆರ್ಮ್ ಲಾಕ್ ಹಾಕದೆ ಕೆಳಗೆ ತಲೆ ಹಾಕಬೇಡಿ. ಮರದ ತುಂಡು ಕೊಟ್ಟಿದ್ದೇನೆ ಅನ್ನುವ ಧೈರ್ಯ ಪ್ರಾಣಕ್ಕೇ ಕುತ್ತು.

ಹಳೇ ಆಯಿಲ್ ಬೆಚ್ಚಗಿರುವಾಗಲೇ ಇಳಿಸಿ. ಅದನ್ನು ನೆಲಕ್ಕೆ ಚೆಲ್ಲಬೇಡಿ, ಸೆಂಟ್ರಿಂಗ್ ಹಲಗೆಗೆ ಸವರಲು ಕೊಡಬೇಡಿ, ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ಹೊಸ ಫಿಲ್ಟರ್‌ನ ರಬ್ಬರ್‌ಗೆ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ.

ಈಗ ಆಯಿಲ್ ತುಂಬುವುದು. ಬಹಳ ಜನ ಎಡವುವುದು ಇಲ್ಲೇ. ಮುಚ್ಚಳ ತೆಗೆದ ಮೇಲೆ ಸುತ್ತ ಒರೆಸುತ್ತಾರೆ, ಅದು ಉಲ್ಟಾ ಕ್ರಮ. ತೆಗೆಯುವ ಮೊದಲೇ ಬ್ರಷ್‌ಗೆ ಡೀಸೆಲ್ ಅದ್ದಿ ಟ್ಯಾಂಕ್ ಬಾಯಿಯ ಸುತ್ತ ಒಂದು ಗೇಣು ಜಾಗ ಉಜ್ಜಿ, ಒಣಗಿಸಿ, ಆಮೇಲೆ ತೆರೆಯಿರಿ. ಬನಿಯನ್ ವೇಸ್ಟ್ ಬೇಡವೇ ಬೇಡ, ಅದರ ಎಳೆಗಳು ಸೀದಾ ಫಿಲ್ಟರ್‌ಗೆ ಹೋಗುತ್ತವೆ. ನೂಲು ಬಿಡದ ಬಟ್ಟೆ ಇಟ್ಟುಕೊಳ್ಳಿ. ಫನೆಲ್ ಇದಕ್ಕೇ ಅಂತ ಬೇರೆ ಇರಲಿ, ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಿ. ಆಯಿಲ್ ನಿಧಾನಕ್ಕೆ ಇಳಿಯುತ್ತೆ ಅಂತ ಟ್ಯಾಂಕ್ ಬಾಯಿಯ ಜಾಲರಿ ಕಿತ್ತು ಪಕ್ಕಕ್ಕಿಡುವುದನ್ನು ಸೈಟ್‌ಗಳಲ್ಲಿ ನೋಡಿದ್ದೇನೆ. ಹತ್ತು ನಿಮಿಷ ಉಳಿಸಲು ಹೋಗಿ ಪಂಪನ್ನೇ ಪಣಕ್ಕಿಟ್ಟಂತೆ ಅದು.

ಇಷ್ಟೊಂದು ಮಡಿ ಯಾಕೆ ಅಂದರೆ, ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 40ಕ್ಕಿಂತ ಚಿಕ್ಕ ಕಣ ಕಣ್ಣಿಗೆ ಕಾಣುವುದೇ ಇಲ್ಲ. ಪಂಪಿನೊಳಗೆ ಲೋಹಕ್ಕೂ ಲೋಹಕ್ಕೂ ನಡುವೆ ಇರುವ ಸಂದು ಹಲವು ಕಡೆ 10 ಮೈಕ್ರಾನ್ ಕೂಡ ಇರುವುದಿಲ್ಲ. ಕ್ಲೀನಾಗಿ ಕಾಣುತ್ತೆ ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಬ್ಯಾರಲ್ ಆಯಿಲ್ ಬಳಸುವವರು ಅದನ್ನು ಬಯಲಲ್ಲಿ ನಿಲ್ಲಿಸಿಡಬೇಡಿ. ಮೇಲೆ ಮಳೆನೀರು ನಿಲ್ಲುತ್ತದೆ, ರಾತ್ರಿ ತಣ್ಣಗಾದಾಗ ಬ್ಯಾರಲ್ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಡ್ಡ ಮಲಗಿಸಿ, ಎರಡೂ ಬಿರಡೆ ಆಯಿಲ್ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಡಿ.

ತುಂಬಿದ ಕೂಡಲೇ ಸ್ಟಾರ್ಟ್ ಮಾಡಿ ರೇಸ್ ಕೊಡುವುದು ಎರಡನೇ ದೊಡ್ಡ ತಪ್ಪು. ಪೈಪುಗಳಲ್ಲಿ, ಪಂಪಿನಲ್ಲಿ ಇನ್ನೂ ಗಾಳಿಯಿದೆ. ಮೊದಲು ಡೀಸೆಲ್ ಬಂದ್ ಮಾಡಿ, ಎಂಜಿನ್ ಹತ್ತಿಕೊಳ್ಳದಂತೆ ಸೆಲ್ಫ್ ಮಾತ್ರ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಬಿಡಿ, ಸೆಲ್ಫ್ ಮೋಟರ್ ಆರಲಿ, ಮತ್ತೆ ಹೊಡೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲೇ ಬಿಡಿ, ಎರಡು ಮೂರು ನಿಮಿಷ ಯಾವ ಲಿವರ್‌ಗೂ ಕೈ ಹಾಕಬೇಡಿ. ಶುರುವಿನಲ್ಲಿ ಪಂಪ್ ಕೊಂಯ್ ಅಂತ ಕೂಗುತ್ತದೆ. ಅರ್ಧ ನಿಮಿಷದಲ್ಲಿ ಆ ಕೂಗು ಇಳಿಯಬೇಕು. ಇಳಿಯದಿದ್ದರೆ ತಕ್ಷಣ ಆಫ್ ಮಾಡಿ. ಟ್ಯಾಂಕಿನಿಂದ ಪಂಪಿಗೆ ಹೋಗುವ ಸಕ್ಷನ್ ಹೋಸ್‌ನ ಕ್ಲಾಂಪ್ ಸಡಿಲ ಇರುತ್ತದೆ, ಇಲ್ಲವೇ ಜಾಯಿಂಟ್‌ನ ರಬ್ಬರ್ ಓ ರಿಂಗ್ ಗಟ್ಟಿಯಾಗಿ ಬಿರಿದಿರುತ್ತದೆ. ಅಲ್ಲಿ ಆಯಿಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಹುದು, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ ಆಫ್ ಇದ್ದಾಗಲೇ ಜಾಯಿಂಟ್ ಸುತ್ತ ಗ್ರೀಸ್ ಮೆತ್ತಿ ಮತ್ತೆ ಸ್ಟಾರ್ಟ್ ಮಾಡಿ. ಕೂಗು ಕಡಿಮೆಯಾದರೆ ಕಳ್ಳ ಸಿಕ್ಕಿದ ಅಂತ.

ಸದ್ದು ಅಡಗಿದ ಮೇಲೆ ಬಕೆಟ್ ಅನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಆಮೇಲೆ ಆರ್ಮ್ ಅರ್ಧ ಎತ್ತಿ ಇಳಿಸಿ, ಮತ್ತೆ ಪೂರ್ತಿ. ಕೊನೆಗೆ ಆಮೆ ವೇಗದಲ್ಲಿ ಮುಂದೆ ಹಿಂದೆ ಓಡಿಸಿ. ಆಫ್ ಮಾಡಿ ಲೆವೆಲ್ ನೋಡಿ, ಖಂಡಿತ ಇಳಿದಿರುತ್ತದೆ. ಅಷ್ಟನ್ನು ತುಂಬಿ.

ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ರಾತ್ರಿಯಿಡೀ ಬಿಟ್ಟು ನೋಡಿ. ಬೆಳಿಗ್ಗೆ ತಿಳಿಯಾಗಿದ್ದರೆ ಗಾಳಿ, ಹಾಗೇ ಇದ್ದರೆ ನೀರು. ಅನುಮಾನ ಇದ್ದರೆ ಚೆನ್ನಾಗಿ ಕಾದ ತಗಡಿನ ಮೇಲೆ ಒಂದು ಹನಿ ಹಾಕಿ. ಚಟಪಟ ಅಂದರೆ ನೀರಿದೆ, ಪೂರ್ತಿ ಬದಲಿಸಲೇಬೇಕು.

ಲೀಕ್ ಹುಡುಕಲು ಹೋಸ್ ಮೇಲೆ ಕೈ ಆಡಿಸಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಅಕಸ್ಮಾತ್ ಚುಚ್ಚಿದರೆ, ನೋವು ಇಲ್ಲದಿದ್ದರೂ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಚುಚ್ಚಿದೆ ಅಂತಲೇ ಹೇಳಿ. ತಡ ಮಾಡಿದರೆ ಬೆರಳು ಹೋಗಬಹುದು.

ಹಳೇ ಯಂತ್ರಕ್ಕೆ ಮೊದಲ ಸಲ ಪೂರ್ತಿ ಆಯಿಲ್ ಬದಲಿಸಿದ್ದರೆ 50 ಗಂಟೆ ಓಡಿದ ಮೇಲೆ ಫಿಲ್ಟರ್ ಮತ್ತೊಮ್ಮೆ ಬದಲಿಸಿ. ತೆಗೆದ ಫಿಲ್ಟರನ್ನು ಬಿಸಾಡುವ ಮುಂಚೆ ಕತ್ತರಿಸಿ, ಮಡಿಕೆ ಬಿಡಿಸಿ ನೋಡಿ. ಕಪ್ಪು ರಬ್ಬರ್ ಚೂರು ಕಂಡರೆ ಸೀಲ್ ಅಥವಾ ಹೋಸ್ ಸವೆದಿದೆ. ಹಿತ್ತಾಳೆ ಬಣ್ಣದ ಹೊಳೆಯುವ ಪುಡಿ ಕಂಡರೆ ಪಂಪೋ ಚಕ್ರದ ಮೋಟರೋ ಒಳಗೊಳಗೇ ತೇಯುತ್ತಿದೆ. ಆಗ ಒಂದು ಗಂಟೆಯೂ ಓಡಿಸದೆ ಹೈಡ್ರಾಲಿಕ್ ಮೆಕ್ಯಾನಿಕ್‌ಗೆ ಆ ಫಿಲ್ಟರನ್ನೇ ಒಯ್ದು ತೋರಿಸಿ.