ಮೂರು ದಿನ ಕೈಗಾಡಿ ಎಳೆದೆವು

ನಾವು ಅಮೆರಿಕದ ಯೂಟಾ ರಾಜ್ಯಕ್ಕೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಬೀದಿಯಲ್ಲಿ ಮುಕ್ಕಾಲು ಮನೆಗಳು ಮಾರ್ಮನ್ ಚರ್ಚಿನವರದ್ದು. ಆ ಚರ್ಚಿನ ಹದಿಹರೆಯದ ಮಕ್ಕಳು ನಾಲ್ಕು ವರ್ಷಕ್ಕೊಮ್ಮೆ ಟ್ರೆಕ್ ಹೋಗುತ್ತಾರೆ. ಹಳೇ ಕಾಲದ ಉಡುಪು ಹಾಕಿಕೊಂಡು, ಎರಡು ಚಕ್ರದ ಮರದ ಕೈಗಾಡಿ ಎಳೆದುಕೊಂಡು, ತಮ್ಮ ಹಿರಿಯರು ನಡೆದ ದಾರಿಯಲ್ಲೇ ನಡೆಯುತ್ತಾರೆ. ಈ ಸಲ ಪಕ್ಕದ ಮನೆಯವರು ನಮ್ಮ ಮಗಳನ್ನೂ ಕರೆದರು. ಅಡುಗೆಗೆ ಜನ ಸಾಲದು, ನೀವಿಬ್ಬರೂ ಬನ್ನಿ ಅಂದರು. ನಮ್ಮದು ಬೇರೆ ಧರ್ಮ, ಮಾಂಸ ತಿನ್ನಲ್ಲ, ಪರವಾಗಿಲ್ವಾ ಅಂತ ಕೇಳಿದೆ. ನಡೆಯೋಕೆ ಕಾಲು ಇದ್ದರೆ ಸಾಕು ಅಂದರು.

ಕಥೆ ಗೊತ್ತಿಲ್ಲದೆ ಹೋದರೆ ಸುಮ್ನೆ ಬಿಸಿಲಲ್ಲಿ ಗಾಡಿ ಎಳೆದ ಹಾಗೆ ಆಗುತ್ತದೆ ಅಂತ ಒಂದು ತಿಂಗಳು ಮೊದಲೇ ಓದಿಕೊಂಡೆ. 1856ರಿಂದ 1860ರವರೆಗೆ ಹತ್ತು ತಂಡಗಳಲ್ಲಿ ಹತ್ತಿರ ಹತ್ತಿರ 3,000 ಮಾರ್ಮನ್ ಜನ ಹೀಗೆ ನಡೆದು ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ಹೊರಟವರು. ಹೆಚ್ಚಿನವರು ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯ ಬಡವರು, ಎತ್ತಿನ ಬಂಡಿ ಕೊಳ್ಳುವಷ್ಟು ದುಡ್ಡಿಲ್ಲದವರು. ಅಯೋವಾ ಸಿಟಿಯಿಂದ ಲೆಕ್ಕ ಹಾಕಿದರೆ 2,000 ಕಿಲೋಮೀಟರಿಗೂ ಜಾಸ್ತಿ. 1856ರಲ್ಲಿ ವಿಲ್ಲಿ ಮತ್ತು ಮಾರ್ಟಿನ್ ತಂಡಗಳು ತಡವಾಗಿ ಹೊರಟವು, ಅಕ್ಟೋಬರ್ 19ಕ್ಕೆ ಈಗಿನ ವಯೋಮಿಂಗ್ ರಾಜ್ಯದಲ್ಲಿ ಹಿಮಗಾಳಿಗೆ ಸಿಕ್ಕಿಬಿದ್ದವು, 200ಕ್ಕೂ ಹೆಚ್ಚು ಜನ ದಾರಿಯಲ್ಲೇ ತೀರಿಕೊಂಡರು. ನಾವು ನಡೆದದ್ದು ಅಲ್ಲೇ, ಮಾರ್ಟಿನ್ ತಂಡ ಆಶ್ರಯ ಪಡೆದ ಮಾರ್ಟಿನ್ಸ್ ಕೋವ್ ಸುತ್ತಮುತ್ತ, ಸ್ವೀಟ್‌ವಾಟರ್ ನದಿಯ ಪಕ್ಕ. ಆದರೆ ಜೂನ್ ತಿಂಗಳಲ್ಲಿ.

ತಯಾರಿ ವಿಷಯಕ್ಕೆ ಬರುತ್ತೇನೆ, ಮುಂದೆ ಹೋಗುವವರಿಗೆ ಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಉದ್ದ ಲಂಗ, ಬಿಸಿಲ ಟೋಪಿ. ಅಂಗಡಿಯಲ್ಲಿ ಕೊಳ್ಳುವ ಬದಲು ಅಮ್ಮನ ಎರಡು ಹಳೇ ಕಾಟನ್ ಸೀರೆ ಕತ್ತರಿಸಿ ನನಗೂ ಮಗಳಿಗೂ ಹೊಲಿದೆ. ಪಾದಕ್ಕಿಂತ ನಾಲ್ಕು ಬೆರಳು ಮೇಲಿರಲಿ, ಇಲ್ಲದಿದ್ದರೆ ಗಾಡಿ ತಳ್ಳುವಾಗ ತುಳಿದು ಬೀಳುತ್ತೀರಿ. ಸಾಮಾನಿಗೆ ತಲೆಗೊಂದು ದೊಡ್ಡ ಪ್ಲಾಸ್ಟಿಕ್ ಬಕೆಟ್, ಅಷ್ಟೇ. ಅದೇ ಕೂರುವ ಪೀಠ. ಆಗಿನವರಿಗೆ ಬಟ್ಟೆ, ಹಾಸಿಗೆ ಎಲ್ಲ ಸೇರಿ ದೊಡ್ಡವರಿಗೆ 17 ಪೌಂಡ್, ಅಂದರೆ ಎಂಟು ಕೆಜಿ ಕೂಡ ಇಲ್ಲ. ಒಂದು ರಾತ್ರಿ ನಮ್ಮ ಬಟ್ಟೆಗಳನ್ನು ತೂಕದ ಮೇಲಿಟ್ಟು ನೋಡಿದೆ, ಹೊದಿಕೆ ಮತ್ತು ಬೂಟಿಗೇ ಅರ್ಧ ಮುಗಿಯಿತು.

ಊಟಕ್ಕೆ ಕಷ್ಟವಾಗಲಿಲ್ಲ. ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ ಮೂರು ದಿನ ಕೆಡುವುದಿಲ್ಲ. ಎರಡನೇ ದಿನದ ಹೊತ್ತಿಗೆ ಚಟ್ನಿಪುಡಿ ಡಬ್ಬ ಬೇರೆ ಮಕ್ಕಳ ಕೈಯಲ್ಲಿತ್ತು.

ನಮ್ಮಿಂದ ಆದ ತಪ್ಪು ಶೂ. ಹೊಸ ಶೂ ಕೊಡಿಸಿದ್ದೆ, ಎರಡು ದಿನ ಮಾತ್ರ ಹಾಕಿ ಅಭ್ಯಾಸ ಮಾಡಿದ್ದಳು. ಮೊದಲ ದಿನ ಮಧ್ಯಾಹ್ನಕ್ಕೇ ಮಗಳ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಕಾಲುಚೀಲ ಬಿಚ್ಚಿದಾಗ ಒಂದು ಒಡೆದು ಚರ್ಮ ಬಟ್ಟೆಗೆ ಅಂಟಿಕೊಂಡಿತ್ತು. ಒಂದು ತಿಂಗಳು ನಡೆದು ಹಳೆಯದಾದ ಶೂ ಹಾಕಿಸಿ, ಬಿಸಿ ಅನ್ನಿಸಿದ ತಕ್ಷಣ ಟೇಪ್ ಸುತ್ತಿಸಿ. ಬೊಬ್ಬೆ ಬಂದ ಮೇಲೆ ಏನು ಮಾಡಿದರೂ ನೋವು ನೋವೇ.

ಗಾಡಿ ಎಳೆಯುವುದರಲ್ಲೂ ಒಂದು ಹದವಿದೆ. ಮುಂದೆ ಅಡ್ಡಮರಕ್ಕೆ ಎದೆ ಕೊಟ್ಟು ಇಬ್ಬರು, ಹಿಂದೆ ತಳ್ಳಲು ನಾಲ್ವರು. ಏರಿನಲ್ಲಿ ನಿಂತರೆ ಮತ್ತೆ ಹೊರಡಿಸುವುದು ಬಹಳ ಕಷ್ಟ, ನಿಧಾನವಾದರೂ ನಿಲ್ಲಬೇಡಿ. ಇಳಿಜಾರಿನಲ್ಲಿ ಹಿಂದಿನವರು ಜಗ್ಗಿ ಹಿಡಿಯಬೇಕು. ನಮ್ಮ ಗಾಡಿ ಕಿರ್ ಕಿರ್ ಅನ್ನಲು ಶುರುವಾದಾಗ ನನ್ನವರು ಬಗ್ಗಿ ಅಚ್ಚು ಮುಟ್ಟಿ ನೋಡಿ, "ಅಜ್ಜ ಇದ್ದಿದ್ದರೆ ಕೀಲೆಣ್ಣೆ ಎಲ್ಲಿ ಅಂತ ಬೈತಿದ್ರು" ಅಂದರು. 1856ರ ಗಾಡಿಗಳು ಹಸಿ ಮರದವು. ಒಣ ಹವೆಗೆ ಮರ ಕುಗ್ಗಿ, ಮರಳು ಸೇರಿ ಅಚ್ಚು ಸವೆಯುತ್ತಿತ್ತು. ತಿನ್ನಲು ಕೊಟ್ಟ ಹಂದಿಮಾಂಸದ ಕೊಬ್ಬು, ಸೋಪನ್ನೇ ಅದಕ್ಕೆ ಸವರುತ್ತಿದ್ದರಂತೆ.

ಎರಡನೇ ದಿನ ಹೆಂಗಸರ ಸರದಿ. 1846ರಲ್ಲಿ ಸುಮಾರು 500 ಮಾರ್ಮನ್ ಗಂಡಸರು ಅಮೆರಿಕದ ಸೈನ್ಯಕ್ಕೆ ಹೋದಾಗ ಹಿಂದುಳಿದ ಹೆಂಗಸರನ್ನು ನೆನೆದು, ಗಂಡಸರೆಲ್ಲ ಟೋಪಿ ತೆಗೆದು ದಾರಿಯ ಎರಡೂ ಬದಿ ನಿಂತರು. ಯಾರೂ ಮಾತಾಡುವಂತಿಲ್ಲ, ಕೈ ಹಾಕುವಂತಿಲ್ಲ. ಏರು ಕಡಿದು, ಮೆತ್ತನೆ ಮರಳು. ಅರ್ಧಕ್ಕೆ ನಮ್ಮ ಚಕ್ರ ಹೂತಿತು. ಮಗಳು ಹಿಮ್ಮಡಿಗೆ ಟೇಪ್ ಸುತ್ತಿಕೊಂಡೇ ನನ್ನ ಪಕ್ಕ ಅಡ್ಡಮರ ಹಿಡಿದಿದ್ದಳು. "ಅಮ್ಮಾ, ಮೂರು ಅಂದಾಗ" ಅಂದಳು. ಎಳೆದೆವು. ನನ್ನವರನ್ನು ದಾಟುವಾಗ ಅವರು ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು, ಕಣ್ಣು ಒದ್ದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅವರನ್ನು ಹಾಗೆ ನಾನು ನೋಡಿರಲಿಲ್ಲ.

ಹೊರಡುವಾಗ ಪ್ರತಿ ಮಗುವಿಗೂ 1856ರ ಮಾರ್ಟಿನ್ ತಂಡದ ಒಬ್ಬರ ಹೆಸರಿನ ಚೀಟಿ ಕೊಟ್ಟಿದ್ದರು. ಅವರು ಬದುಕಿದರಾ ಅನ್ನೋದು ಕೊನೆಯ ರಾತ್ರಿ ತಿಳಿಯುತ್ತದೆ. ಮಗಳಿಗೆ ಬಂದದ್ದು ನೆಲ್ಲಿ ಪ್ಯೂಸೆಲ್. ಒಂಬತ್ತು ವರ್ಷದ ಹುಡುಗಿ, ಅಪ್ಪ ಅಮ್ಮ ಇಬ್ಬರೂ ದಾರಿಯಲ್ಲಿ ತೀರಿಕೊಂಡರು, ಹಿಮಕ್ಕೆ ಕೊಳೆತ ಎರಡೂ ಕಾಲನ್ನು ಕತ್ತರಿಸಬೇಕಾಯಿತು. ಆದರೂ ಬದುಕಿದಳು, ಯೂಟಾದ ಸೀಡರ್ ಸಿಟಿಯಲ್ಲಿ ಸಂಸಾರ ಮಾಡಿ ಆರು ಮಕ್ಕಳನ್ನು ಸಾಕಿದಳು. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಅವಳ ಪ್ರತಿಮೆ ಇದೆ. ಅಕ್ಟೋಬರ್ ರಜೆಗೆ ಅಲ್ಲಿಗೆ ಹೋಗೋಣ ಅಂತ ಮಗಳು ಹೇಳಿದ್ದಾಳೆ, ಲಂಗ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ.