ಒಂದೇ ತೋಟದ ನಾಲ್ಕು ಇಟಾಲಿಯನ್ ವೈನ್: ವಿಜಯಪುರದ ಬಿಸಿಲಲ್ಲಿ ರುಚಿ ನೋಡುವ ಬಗೆ

ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ ನೋಡಿದವರಿಗೆ ಇಟಲಿಯ ವೈನ್ ಸೀಮೆ ವಾಲ್ಪೊಲಿಚೆಲ್ಲಾ ಬೇಗ ಅರ್ಥವಾಗುತ್ತದೆ. ಅಲ್ಲಿ ಕೊರ್ವಿನಾ ದ್ರಾಕ್ಷಿಯನ್ನು ಗಾಳಿಯಾಡುವ ಅಟ್ಟದಲ್ಲಿ ಮೂರ್ನಾಲ್ಕು ತಿಂಗಳು ಬಾಡಿಸುತ್ತಾರೆ. ನಮ್ಮಂತೆ ಪೂರ್ತಿ ಒಣಗಿಸುವುದಿಲ್ಲ. ಅದರ ಸಕ್ಕರೆಯೆಲ್ಲ ಹುದುಗು ಬಂದು ಆಲ್ಕೋಹಾಲ್ ಆದರೆ ಅಮರೋನೆ ವೈನ್, ಹುದುಗು ನಡುವೆಯೇ ನಿಂತರೆ ಸಿಹಿಯಾದ ರೆಚೋತೊ.

ಬಾಡಿಸದ ದ್ರಾಕ್ಷಿಯ ಸಾದಾ ವಾಲ್ಪೊಲಿಚೆಲ್ಲಾ, ಅದನ್ನೇ ಅಮರೋನೆಯ ಸಿಪ್ಪೆಯ ಮೇಲೆ ಮತ್ತೆ ಹುದುಗು ಬರಿಸಿದ ರಿಪಾಸ್ಸೊ, ಅಮರೋನೆ, ಕೊನೆಗೆ ರೆಚೋತೊ: ರುಚಿ ನೋಡುವ ಕ್ರಮ ಇದೇ. ಸಿಹಿ ಮೊದಲಾದರೆ ಉಳಿದವೆಲ್ಲ ಹುಳಿ, ಒಗರು.

ಹೆಚ್ಚಿನವರು ಎಡವುವುದು ಉಷ್ಣತೆಯಲ್ಲಿ. ಕೆಂಪು ವೈನನ್ನು ತಣ್ಣಗೆ ಮಾಡಬಾರದು ಎಂಬ ಮಾತು ಯುರೋಪಿನ ಕೋಣೆಗಳಿಗೆ, ಏಪ್ರಿಲ್‌ನ ವಿಜಯಪುರಕ್ಕಲ್ಲ. 35 ಡಿಗ್ರಿಯಲ್ಲಿ ಅಮರೋನೆ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ. ಬಕೆಟ್‌ನಲ್ಲಿ ಅರ್ಧ ನೀರು, ಅರ್ಧ ಐಸ್ ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ. 15–20 ನಿಮಿಷಕ್ಕೆ 16–18 ಡಿಗ್ರಿಯ ಹತ್ತಿರ ಬರುತ್ತದೆ. ರೆಚೋತೊಗೆ ಇನ್ನೈದು ನಿಮಿಷ. ನೀರಿಲ್ಲದ ಬರೀ ಐಸ್ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ತಡ.

ಒಬ್ಬರಿಗೆ 50 ಮಿ.ಲೀ. ಸುರಿಯಿರಿ, 750 ಮಿ.ಲೀ. ಬಾಟಲಿ 15 ಜನಕ್ಕಾಗುತ್ತದೆ. ಗ್ಲಾಸು ತಿರುಗಿಸಿ ಮೂಸಿ. ನೆಂದ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಡಿಸಿದೆ, ಗಾಳಿಯಾಡಿಸಿದರೂ ಹೋಗದು. ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ಉಗುಳಿ; ಅಮರೋನೆಯಲ್ಲಿ ಆಲ್ಕೋಹಾಲ್ ಕನಿಷ್ಠ 14 ಶೇಕಡಾ, ನುಂಗುತ್ತ ಹೋದರೆ ನಾಲ್ಕನೆಯದರ ರುಚಿ ತಿಳಿಯುವುದಿಲ್ಲ.

ಮಿರ್ಚಿ ಭಜಿ ದೂರವಿರಲಿ, ಆಲ್ಕೋಹಾಲ್ ಖಾರವನ್ನು ಕೆರಳಿಸುತ್ತದೆ. ರೆಚೋತೊ ಜೊತೆ ಶೇಂಗಾ ಹೋಳಿಗೆಯೂ ಬೇಡ: ತಿನಿಸು ವೈನಿಗಿಂತ ಸಿಹಿಯಾದರೆ ವೈನ್ ಸಪ್ಪೆ. ಉಪ್ಪು ಹಾಕಿ ಹುರಿದ ಶೇಂಗಾ ಸರಿ.